ಸೈಟು, ಬಾಡಿಗೆ ಮನೆ ಕೊಳ್ಳುವ ಮುಂಚೆ ಹಾಕಿ ನೋಡುವ ಲೆಕ್ಕ

2012ರಲ್ಲಿ ನಾನು ಹಿರಿಯೂರಿನ ಹೊರಗಡೆ ಒಂದು ಸೈಟು ತಗೊಂಡೆ. ಮೂವತ್ತು ನಲವತ್ತರ ಸೈಟು, 2,40,000 ರೂಪಾಯಿ. ಹತ್ತು ವರ್ಷ ಇಟ್ಟುಕೊಂಡು 2022ರಲ್ಲಿ 5 ಲಕ್ಷಕ್ಕೆ ಮಾರಿದೆ. 'ದುಡ್ಡು ದುಪ್ಪಟ್ಟಾಯ್ತು' ಅಂತ ಊರೆಲ್ಲ ಹೇಳಿಕೊಂಡು ಓಡಾಡಿದೆ. ನನ್ನ ಮಾತು ಕೇಳಿ ಇನ್ನಿಬ್ಬರು ಅದೇ ಕಡೆ ಸೈಟು ತಗೊಂಡರು. ಅದರಲ್ಲಿ ನಾನು ಲಾಭ ಮಾಡಿದ್ದೇನೋ ನಷ್ಟ ಮಾಡಿಕೊಂಡಿದ್ದೇನೋ ಅಂತ ಗೊತ್ತಾದದ್ದು ಇತ್ತೀಚೆಗೆ, ಇನ್ನೊಂದು ವ್ಯಾಪಾರದ ಮಾತು ಬಂದು ಪುಸ್ತಕ ಪೆನ್ನು ಹಿಡಿದು ಕೂತಾಗ. ಆ ಲೆಕ್ಕವನ್ನೇ ಇಲ್ಲಿ ಬರೀತಾ ಇದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

ದುಪ್ಪಟ್ಟಾದ ಸೈಟಿನ ಕಥೆ

ಸೈಟಿನ ಕ್ರಯ 2,40,000. ನೋಂದಣಿ, ಪತ್ರ ಬರೆಯುವವರ ಫೀಸು, ಬ್ರೋಕರು ಎಲ್ಲ ಸೇರಿ 22,000. ಅಲ್ಲಿಗೆ 2,62,000. ಇದರಲ್ಲಿ ನನ್ನ ಸ್ವಂತದ್ದು 1,62,000. ಉಳಿದ 1 ಲಕ್ಷ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದದ್ದು. ಎರಡು ರೂಪಾಯಿ ಅಂದ್ರೆ ತಿಂಗಳಿಗೆ. ವರ್ಷಕ್ಕೆ ಶೇಕಡಾ 24. ಮೂರು ವರ್ಷ ಬರೀ ಬಡ್ಡಿ ಕಟ್ಟಿದೆ, 72,000. 2015ರಲ್ಲಿ ಅಸಲು ತೀರಿಸಿದೆ. ನಡುವೆ ಜಾಲಿ ಕಡಿಸಿ ಕಲ್ಲು ನೆಡಿಸಿದ್ದಕ್ಕೆ 8,000. ಒಟ್ಟು ಕೈಯಿಂದ ಹೋದದ್ದು 3,42,000.

ಮಾರುವಾಗ ಇನ್ನೊಂದು ತಾಪತ್ರಯ. ಭೂಪರಿವರ್ತನೆ ಆಗಿತ್ತು, ಆದರೆ ಬಡಾವಣೆಯ ನಕ್ಷೆಗೆ ಅನುಮೋದನೆ ಇರಲಿಲ್ಲ. ಅಂಥ ಸೈಟಿಗೆ ಬ್ಯಾಂಕು ಸಾಲ ಕೊಡಲ್ಲ ಅಂತ ಬಂದವರೆಲ್ಲ ವಾಪಸು ಹೋದರು. ಸಾಲ ಸಿಗದ ಆಸ್ತಿಗೆ ರೊಕ್ಕ ಇಟ್ಟುಕೊಂಡವನು ಮಾತ್ರ ಗಿರಾಕಿ, ಅವನು ಕೇಳಿದ್ದೇ ರೇಟು. ಹದಿನಾಲ್ಕು ತಿಂಗಳು ಕಾದು 5 ಲಕ್ಷಕ್ಕೆ ಕೊಟ್ಟೆ. ಬ್ರೋಕರಿಗೆ 10,000 ಹೋಗಿ ಕೈಗೆ ಬಂದದ್ದು 4,90,000.

ಅಂದ್ರೆ 3,42,000 ಹಾಕಿ, ಹತ್ತು ವರ್ಷಕ್ಕೆ 1,48,000 ಲಾಭ. ವರ್ಷಕ್ಕೆ 14,800. ಹಾಕಿದ ದುಡ್ಡಿಗೆ ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ, ಅದೂ ವರ್ಷಕ್ಕೆ! ನಾನು ಸಾಲಕ್ಕೆ ಕೊಟ್ಟದ್ದು ಇಪ್ಪತ್ತನಾಲ್ಕು.

ಅದೇ ದುಡ್ಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ? 2012ರಲ್ಲಿ ಠೇವಣಿಗೆ ಎಂಟೂವರೆ, ಒಂಬತ್ತು ಬಡ್ಡಿ ಇತ್ತು. ಎಂಟೂವರೆಯನ್ನೇ ಹಿಡಿಯೋಣ. ಮೊಬೈಲಿನಲ್ಲಿ ಲೆಕ್ಕಯಂತ್ರ ತೆಗೆದು 1,62,000ವನ್ನು 1.085ರಿಂದ ಹತ್ತು ಸಲ ಗುಣಿಸಿ. 3,66,000 ಬರುತ್ತೆ. ಇನ್ನು ಬಡ್ಡಿ, ಅಸಲು ಅಂತ ಮೂರು ವರ್ಷದಲ್ಲಿ ಸಾಲಗಾರನಿಗೆ ಕಟ್ಟಿದ 1,72,000 ಇದೆಯಲ್ಲ, ಅದನ್ನು 2015ರಲ್ಲಿ ಏಳು ಪರ್ಸೆಂಟಿಗೆ ಇಟ್ಟಿದ್ದರೂ 2022ಕ್ಕೆ 2,76,000. ಎರಡೂ ಸೇರಿ 6,42,000. ನನಗೆ ಬಂದದ್ದು 4,90,000. ಒಂದೂವರೆ ಲಕ್ಷ ಕಳಕೊಂಡು ಊರಿಗೆಲ್ಲ ಬೀಗಿದ್ದೆ.

ಇದನ್ನು ಎತ್ತಿನ ಲೆಕ್ಕದಲ್ಲಿ ನೋಡಿದರೆ ಇನ್ನೂ ಬೇಗ ತಿಳಿಯುತ್ತೆ. 2012ರಲ್ಲಿ ನಮ್ಮ ಕಡೆ ಸುಮಾರಾದ ಒಂದು ಜೋಡಿ 45,000ಕ್ಕೆ ಸಿಕ್ಕುತ್ತಿತ್ತು. ಸೈಟಿಗೆ ಹಾಕಿದ 2,62,000ದಲ್ಲಿ ಆರು ಜೋಡಿಗೆ ಹತ್ತಿರ ಬರ್ತಿತ್ತು. 2022ರಲ್ಲಿ ಅಂಥದೇ ಜೋಡಿ 95,000. ಮಾರಿದ 4,90,000ಕ್ಕೆ ಐದು ಜೋಡಿ. ನೋಟು ಜಾಸ್ತಿ ಆಗಿತ್ತು, ಎತ್ತು ಕಡಿಮೆ ಆಗಿತ್ತು.

72ರ ಲೆಕ್ಕ

ಎಷ್ಟು ಬಡ್ಡಿಗೆ ಎಷ್ಟು ವರ್ಷದಲ್ಲಿ ದುಡ್ಡು ದುಪ್ಪಟ್ಟಾಗುತ್ತೆ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮೂರಿನ ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು. 72ನ್ನು ಬಡ್ಡಿಯಿಂದ ಭಾಗಿಸಿ. ಆರು ಪರ್ಸೆಂಟ್ ಆದರೆ 12 ವರ್ಷ. ಒಂಬತ್ತಾದರೆ 8 ವರ್ಷ. ಹನ್ನೆರಡಾದರೆ 6. ಬಡ್ಡಿಯನ್ನೂ ಅಸಲಿಗೆ ಸೇರಿಸ್ತಾ ಹೋದರೆ ಮಾತ್ರ ಈ ಲೆಕ್ಕ. ಕರಾರುವಾಕ್ಕಲ್ಲ, ಹತ್ತಿರ ಹತ್ತಿರ ಬರುತ್ತೆ.

ಉಲ್ಟಾನೂ ಮಾಡಬಹುದು. ಯಾರಾದರೂ 'ಹತ್ತು ವರ್ಷದಲ್ಲಿ ಡಬ್ಬಲ್' ಅಂದರೆ 72ನ್ನು ಹತ್ತರಿಂದ ಭಾಗಿಸಿ. 7.2. ಅಷ್ಟೇ. ಖರ್ಚು ಒಂದು ಪೈಸೆ ಇಲ್ಲದೆ ದುಪ್ಪಟ್ಟಾದರೂ ಏಳು ಪರ್ಸೆಂಟು. ಡಬ್ಬಲ್ ಅನ್ನೋ ಮಾತು ಕೇಳೋಕೆ ದೊಡ್ಡದು, ವರ್ಷಗಳನ್ನು ಎದುರಿಗೆ ಇಟ್ಟಾಗ ಸಣ್ಣದಾಗುತ್ತೆ.

ಕೈಸಾಲಕ್ಕೂ ಇದನ್ನೇ ಹಾಕಿ ನೋಡಿ. ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36. 72ನ್ನು 36ರಿಂದ ಭಾಗಿಸಿದರೆ ಎರಡು. ಬಡ್ಡಿ ಕಟ್ಟದೆ ಬಿಟ್ಟರೆ ಎರಡೇ ವರ್ಷಕ್ಕೆ ಸಾಲ ದುಪ್ಪಟ್ಟು. ನಮ್ಮ ಆಸ್ತಿ ಹತ್ತು ವರ್ಷಕ್ಕೆ ದುಪ್ಪಟ್ಟು, ನಮ್ಮ ಸಾಲ ಎರಡು ವರ್ಷಕ್ಕೆ. ಸಾಲ ಇಟ್ಟುಕೊಂಡು ಸೈಟು ಕೊಳ್ಳುವವರು ಈ ಎರಡು ಸಾಲನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು.

ಹೊಲ ಕೇಳಿಕೊಂಡು ಬಂದರು

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತ ಆಯಿತು. ಆಮೇಲೆ ನಮ್ಮ ರಸ್ತೆಯಲ್ಲಿ ಬ್ರೋಕರುಗಳ ಬೈಕು ಜಾಸ್ತಿ. ನನಗೆ ಐದು ಎಕರೆ ಮಳೆಯಾಶ್ರಿತ ಹೊಲ. ಅದರಲ್ಲಿ ಎರಡು ಎಕರೆ ರಸ್ತೆ ಪಕ್ಕಕ್ಕಿದೆ. 2025ರ ದಸರಾ ಕಳೆದ ಮೇಲೆ ಒಬ್ಬರು ಬಂದು ಕೂತರು. ಅವರು ಹೇಳಿದ್ದು ಇಷ್ಟು: 'ಎಕರೆಗೆ 10 ಲಕ್ಷ ಕೊಡಿಸ್ತೀನಿ. ಎರಡು ಎಕರೆಗೆ 20 ಲಕ್ಷ. ಟೌನಿನಲ್ಲಿ ಎರಡು ಪೋರ್ಷನ್ನಿನ ಮನೆ ಇದೆ, 32 ಲಕ್ಷ. ಕಡಿಮೆ ಬಿದ್ದದ್ದಕ್ಕೆ ಬ್ಯಾಂಕಿನಲ್ಲಿ ಲೋನು ಮಾಡಿಸೋಣ. ತಿಂಗಳಿಗೆ 14,000 ಬಾಡಿಗೆ. ಬಾಡಿಗೇಲೇ ಕಂತು ಹೋಗುತ್ತೆ. ಕೂತಲ್ಲೇ ಆಸ್ತಿ ಆಗುತ್ತೆ.'

ಮಗನಿಗೆ ಮನಸ್ಸು ಆಗಲೇ ಟೌನಿಗೆ ಹೋಗಿತ್ತು. ನನಗೂ ಆಸೆ ಇಲ್ಲ ಅಂತಿಲ್ಲ. ಶೇಂಗಾ ಹಾಕಿ ಮುಗಿಲು ನೋಡೋದು ಸಾಕಾಗಿದೆ. ಎರಡು ದಿನ ಟೈಮು ಕೇಳಿದೆ.

ಮೊದಲು ಹೊಲದ ರೇಟನ್ನೇ ನೋಡಿದೆವು. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಎಕರೆಗೆ 43,560 ಚದರ ಅಡಿ. 10 ಲಕ್ಷವನ್ನು ಇದರಿಂದ ಭಾಗಿಸಿದರೆ 23 ರೂಪಾಯಿ. ನಮ್ಮಪ್ಪ ಕಲ್ಲು ಆರಿಸಿ ಹದ ಮಾಡಿದ ಹೊಲ ಚದರ ಅಡಿಗೆ 23 ರೂಪಾಯಿ. ಹೋಟ್ಲಲ್ಲಿ ಒಂದು ಮಸಾಲೆ ದೋಸೆ ಬರಲ್ಲ.

ನಮ್ಮಿಂದ ಎರಡು ಕಿಲೋಮೀಟರ್ ಆಚೆ ಲೇಔಟಿನಲ್ಲಿ ಚದರ ಅಡಿಗೆ 350ಕ್ಕೆ ಮಾರ್ತಾ ಇದ್ದಾರೆ. ಎಕರೆ ಪೂರ್ತಿ ಸೈಟು ಆಗಲ್ಲ. ರಸ್ತೆ, ಉದ್ಯಾನ, ಸಾರ್ವಜನಿಕ ಉಪಯೋಗಕ್ಕೆ ಬಿಟ್ಟು ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತೆ. ಮೂವತ್ತು ನಲವತ್ತರ 20 ಸೈಟು ಅಂತ ಹಿಡೀರಿ. ಒಂದಕ್ಕೆ 1,200 ಚದರ ಅಡಿ, 350ರಂತೆ 4,20,000. ಇಪ್ಪತ್ತಕ್ಕೆ 84 ಲಕ್ಷ. ಇದೆಲ್ಲ ಲಾಭ ಅಂತ ನಾನು ಹೇಳಲ್ಲ. ಪರಿವರ್ತನೆ, ಅನುಮೋದನೆ, ರಸ್ತೆ, ಚರಂಡಿ, ಕರೆಂಟು, ನೀರು ಎಲ್ಲ ಅವರೇ ಮಾಡಿಸಬೇಕು. ಸೈಟು ಹೋಗೋಕೆ ವರ್ಷಗಟ್ಟಲೆ ಕಾಯಬೇಕು, ಆ ದುಡ್ಡಿಗೂ ಬಡ್ಡಿ ಓಡ್ತಾ ಇರುತ್ತೆ. ಅದನ್ನೆಲ್ಲ ಧಾರಾಳವಾಗಿ ಕಳೆದರೂ 10 ಲಕ್ಷಕ್ಕೂ 84 ಲಕ್ಷಕ್ಕೂ ನಡುವೆ ಚೌಕಾಸಿಗೆ ಜಾಗ ಬೇಕಾದಷ್ಟಿದೆ. ನಾವು ಎಕರೆಯಲ್ಲಿ ಮಾತಾಡ್ತೀವಿ, ಅವರು ಅಡಿಯಲ್ಲಿ ಮಾರ್ತಾರೆ. ಮಾತಿಗೆ ಕೂರುವ ಮುಂಚೆ ಅವರ ಅಳತೆಗೆ ಇಳಿಸಿ ನೋಡಿಕೊಂಡರೆ ನಮಗೂ ಧೈರ್ಯ ಬರುತ್ತೆ.

ಬಾಡಿಗೆ ಮನೆ ಏನು ಕೊಡುತ್ತೆ

ಇನ್ನು ಆ ಮನೆ. ಬ್ರೋಕರು ಹೇಳಿದ ಲೆಕ್ಕ: ತಿಂಗಳಿಗೆ 14,000, ವರ್ಷಕ್ಕೆ 1,68,000. 32 ಲಕ್ಷಕ್ಕೆ ಶೇಕಡಾ ಐದೂಕಾಲು. ಇದರಲ್ಲಿ ಮೇಲೂ ತಪ್ಪು, ಕೆಳಗೂ ತಪ್ಪು.

ಕೆಳಗಿನದು ಅಂದರೆ ಹಾಕುವ ದುಡ್ಡು. 32 ಲಕ್ಷಕ್ಕೆ ಮುಗಿಯಲ್ಲ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ ಪೇಟೆಯಲ್ಲಿ 5.6 ಆಗುತ್ತೆ. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2 ಆಯಿತು. ಒಟ್ಟು 7.6. 32 ಲಕ್ಷಕ್ಕೆ 2,43,000. ಬ್ರೋಕರಿಗೆ 32,000. ಮನೆ ಒಳಗೆ ಹೋಗಿ ನೋಡಿದಾಗ ಹಿಂದಿನ ಗೋಡೆ ನೀರು ಕುಡಿದು ಉಬ್ಬಿತ್ತು, ಚರಂಡಿ ಕಟ್ಟಿತ್ತು. ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ತೋರಿಸಿದೆ, 75,000 ಅಂದ. ಎಲ್ಲ ಕೂಡಿದರೆ 35,50,000.

ಮೇಲಿನದು ಬಾಡಿಗೆ. ಹನ್ನೆರಡು ತಿಂಗಳೂ ಮನೆ ತುಂಬಿರಲ್ಲ. ಬಿಟ್ಟು ಹೋದವರು, ಬರುವವರು, ನಡುವೆ ಸುಣ್ಣ ಬಣ್ಣ. ವರ್ಷಕ್ಕೆ ಒಂದು ತಿಂಗಳು ಖಾಲಿ ಅಂತ ಹಿಡಿದರೆ 14,000 ಹೋಯಿತು. ಕಂದಾಯ 5,500. ರಿಪೇರಿ, ಬಣ್ಣ, ನಲ್ಲಿ, ಫ್ಯೂಸು ಅಂತ 20,000. ಮೋಟರು, ಸಂಪು ತೊಳೆಸೋದು, ಹೊರಗಿನ ದೀಪದ ಕರೆಂಟು 4,500. ಉಳಿಯೋದು 1,24,000.

1,24,000ವನ್ನು ನೂರರಿಂದ ಗುಣಿಸಿ 35,50,000ದಿಂದ ಭಾಗಿಸಿ. ಮೂರೂವರೆ. ಐದೂಕಾಲು ಅಲ್ಲ, ಮೂರೂವರೆ. ಬ್ಯಾಂಕು ಠೇವಣಿಗೆ ಆರು, ಆರೂವರೆ ಕೊಡ್ತಿತ್ತು ಆಗ.

ಇನ್ನೂ ಜಲ್ದಿ ನೋಡಬೇಕಾದರೆ ಮನೆಯ ಕ್ರಯವನ್ನು ತಿಂಗಳ ಬಾಡಿಗೆಯಿಂದ ಭಾಗಿಸಿ. 32 ಲಕ್ಷ ಭಾಗಿಸು 14,000 ಅಂದರೆ 228 ತಿಂಗಳು. ಹತ್ತೊಂಬತ್ತು ವರ್ಷ ಬಾಡಿಗೆ ಬಂದರೆ ಕ್ರಯ ವಾಪಸು, ಅದೂ ಖರ್ಚು ಕಳೆಯದೆ. ನಾಲ್ಕಾರು ಮನೆ ನೋಡುವಾಗ ಈ ಒಂದು ಅಂಕಿ ಹಾಕಿಕೊಂಡರೆ ಯಾವುದು ಸೋವಿ ಯಾವುದು ದುಬಾರಿ ಅಂತ ನಿಂತಲ್ಲೇ ಗೊತ್ತಾಗುತ್ತೆ.

ನನಗೆ ಆರು ಪರ್ಸೆಂಟಾದರೂ ಬೇಕು ಅಂತಿದ್ದರೆ ಈ ಮನೆಗೆ ಎಷ್ಟು ಕೊಡಬಹುದು? ಉಳಿಯುವ 1,24,000ವನ್ನು ನೂರರಿಂದ ಗುಣಿಸಿ ಆರರಿಂದ ಭಾಗಿಸಿದೆ. 20,66,000 ಬಂತು, ಅದೂ ನೋಂದಣಿ ಎಲ್ಲ ಸೇರಿ. ಬ್ರೋಕರಿಗೆ ಈ ಅಂಕಿ ಹೇಳಿದಾಗ ನಕ್ಕರು. ನಗಲಿ, ಅವರ ತಪ್ಪಿಲ್ಲ. ಪೇಟೆಯಲ್ಲಿ ಮನೆ ರೇಟು ಬಾಡಿಗೆ ನೋಡಿ ನಿಂತಿಲ್ಲ, ಮುಂದೆ ಏರುತ್ತೆ ಅನ್ನೋ ನಂಬಿಕೆ ಮೇಲೆ ನಿಂತಿದೆ.

ಸಾಲ ಸೇರಿಸಿದಾಗ

ಹೊಲದ 20 ಲಕ್ಷ ಹಾಕಿದರೆ 15,50,000 ಸಾಲ ಬೇಕು. ಒಂಬತ್ತು ಪರ್ಸೆಂಟಿಗೆ 15 ವರ್ಷದ ಸಾಲ ಆದರೆ ಲಕ್ಷಕ್ಕೆ ತಿಂಗಳ ಕಂತು 1,014 ರೂಪಾಯಿ. ಈ ಲಕ್ಷದ ಲೆಕ್ಕ ನೆನಪಿಟ್ಟುಕೊಂಡರೆ ಯಾವ ಸಾಲಕ್ಕೂ ಗುಣಿಸಿಕೊಳ್ಳಬಹುದು. ಹತ್ತು ಪರ್ಸೆಂಟಾದರೆ 1,075, ಹನ್ನೆರಡಾದರೆ 1,200. ನಮ್ಮಂಥ ಆದಾಯ ತೆರಿಗೆ ಕಾಗದ ಇಲ್ಲದವರನ್ನು ಹೆಚ್ಚಿನ ಬಡ್ಡಿಯ ಕಡೆಗೇ ತಳ್ಳುತ್ತಾರೆ ಅನ್ನೋದು ನನ್ನ ಅನುಭವ. ಆದರೂ ಒಂಬತ್ತೇ ಹಿಡಿದೆ.

ಕಂತು 15,700 ಚಿಲ್ಲರೆ. ವರ್ಷಕ್ಕೆ 1,88,600. ಮನೆಯಿಂದ ಉಳಿಯೋದು 1,24,000. ಕೊರತೆ 64,600. 'ಬಾಡಿಗೇಲೇ ಕಂತು ಹೋಗುತ್ತೆ' ಅಂದ ಮಾತು ಇಲ್ಲಿ ಬಿತ್ತು. ತಿಂಗಳಿಗೆ 5,400 ನಾನು ಎಲ್ಲಿಂದಲೋ ತಂದು ಸೇರಿಸಬೇಕು. ಎಲ್ಲಿಂದ? ಉಳಿದ ಮೂರು ಎಕರೆ ಮಳೆ ಹೊಲದಿಂದ. ಮಳೆ ಹೋದ ವರ್ಷ ಬ್ಯಾಂಕಿನವರು ಮೋಡ ನೋಡಿ ಕಂತು ಬಿಡ್ತಾರಾ?

ಮೊದಲ ತಿಂಗಳ ಕಂತಿನಲ್ಲಿ 11,600 ಬಡ್ಡಿಗೇ ಹೋಗುತ್ತೆ, ಅಸಲಿಗೆ ಜಮಾ ಆಗೋದು 4,100. ಹದಿನೈದು ವರ್ಷಕ್ಕೆ ಒಟ್ಟು ಕಟ್ಟೋದು 28,30,000. ಮೂರೂವರೆ ಸೇರು ಹಾಲು ಕೊಡೋ ಎಮ್ಮೆಗೆ ಒಂಬತ್ತು ಸೇರಿನ ಬೆಲೆಯ ಹಿಂಡಿ ತಿನ್ನಿಸಿದ ಹಾಗೆ. ಸಾಲ ಜಾಸ್ತಿ ಮಾಡಿದಷ್ಟೂ ಎಮ್ಮೆ ಸಂಖ್ಯೆ ಜಾಸ್ತಿ ಮಾಡಿದ ಹಾಗೆ. ಮನೆಯ ಆದಾಯ ಸಾಲದ ಬಡ್ಡಿಗಿಂತ ಮೇಲಿದ್ದರೆ ಸಾಲ ನಮಗೆ ದುಡಿಯುತ್ತೆ. ಕೆಳಗಿದ್ದರೆ ನಾವು ಸಾಲಕ್ಕೆ ದುಡೀತೀವಿ. ನಡುವೆ ಬೇರೆ ದಾರಿ ಇಲ್ಲ.

ಹೊಲದ ಲೆಕ್ಕವನ್ನೂ ಹಾಕಲೇಬೇಕು

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಖುಷಿ ಆಗುತ್ತಿತ್ತು. ಆದರೆ ಮಗ ಬಿಡಲಿಲ್ಲ. 'ಮನೆ ಲೆಕ್ಕ ಹಾಕಿದೆ, ಹೊಲದ್ದೂ ಹಾಕು' ಅಂದ. ನ್ಯಾಯವೇ. ಬಿತ್ತನೆ, ಗೊಬ್ಬರ, ಆಳು, ಮಾರಿದ್ದು ಎಲ್ಲ ನಾನು ಬುಕ್ಕಿನಲ್ಲಿ ಬರೆದಿಡ್ತೀನಿ. ಐದು ವರ್ಷದ್ದು ತೆಗೆದೆವು. ಎಕರೆಗೆ ಖರ್ಚು ಕಳೆದು ಒಂದು ವರ್ಷ 14,000, ಇನ್ನೊಂದು ವರ್ಷ 12,000, ಒಂದು ವರ್ಷ 6,000, ಒಂದು ವರ್ಷ ಏನೂ ಇಲ್ಲ, ಒಂದು ವರ್ಷ 7,000 ಕೈಯಿಂದ. ಕೂಡಿ ಕಳೆದು 25,000. ಐದರಿಂದ ಭಾಗಿಸಿದರೆ ವರ್ಷಕ್ಕೆ ಎಕರೆಗೆ 5,000. ಹತ್ತು ಲಕ್ಷದ ಹೊಲಕ್ಕೆ ಶೇಕಡಾ ಅರ್ಧ.

ನನ್ನ, ಮನೆಯವಳ ಕೂಲಿ ಇದರಲ್ಲಿ ಹಿಡಿದಿಲ್ಲ. ಹಿಡಿದರೆ ಇನ್ನೂ ಕೆಳಗೆ. ದನಕ್ಕೆ ಸಿಗುವ ಶೇಂಗಾ ಹೊಟ್ಟು, ಮನೆಗೆ ಆಗುವ ತೊಗರಿ ಬೇಳೆ ಲೆಕ್ಕಕ್ಕೆ ತಂದರೆ ಸ್ವಲ್ಪ ಮೇಲೆ. ಹೇಗೆ ತಿರುಗಿಸಿದರೂ ಒಂದು ಪರ್ಸೆಂಟು ದಾಟಲ್ಲ. ಬಡ್ಡಿಯ ಲೆಕ್ಕದಲ್ಲಿ ನಮ್ಮ ಹೊಲ ಆ ಉಬ್ಬಿದ ಗೋಡೆಯ ಮನೆಗೂ ಸೋತಿತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೊಲದ ಮೇಲೆ ನನಗಿರುವ ಪ್ರೀತಿಯನ್ನು ನಾನು ಆದಾಯ ಅಂತ ತಿಳ್ಕೊಂಡಿದ್ದೆನೋ ಏನೋ.

ಬೆಳಿಗ್ಗೆ ಹೆಂಡತಿ ಇನ್ನೊಂದು ಲೆಕ್ಕ ತೆಗೆದಳು. ಮಗಳ ಮದುವೆಯ ಕೈಸಾಲ ಇನ್ನೂ 2,40,000 ಇತ್ತು. ನೂರಕ್ಕೆ ಮೂರು. ತಿಂಗಳಿಗೆ 7,200, ವರ್ಷಕ್ಕೆ 86,400. ಐದು ಎಕರೆ ವರ್ಷವೆಲ್ಲ ದುಡಿದು 25,000 ಕೊಡ್ತಿತ್ತು, ನಾವು ಸಾಲಕ್ಕೆ ಅದರ ಮೂರೂವರೆ ಪಟ್ಟು ಕಟ್ತಾ ಇದ್ದೆವು. ಎಮ್ಮೆ ಹಾಲು, ಮಗನ ಸಂಬಳ ಎಲ್ಲ ಅಲ್ಲಿಗೇ ಹೋಗುತ್ತಿತ್ತು. ಯಾವ ಸೈಟು, ಯಾವ ಮನೆ ವರ್ಷಕ್ಕೆ ಶೇಕಡಾ 36 ಕೊಡುತ್ತೆ? ಸಾಲ ತೀರಿಸಿದರೆ ಅಷ್ಟು ಉಳಿಯುತ್ತೆ, ಗ್ಯಾರಂಟಿ, ನೋಂದಣಿ ಖರ್ಚೂ ಇಲ್ಲ.

ನಾವು ಮಾಡಿದ್ದು

ಎರಡು ಎಕರೆ ಕೊಡಲಿಲ್ಲ, ಒಂದು ಕೊಟ್ಟೆವು. ಅಡಿ ಲೆಕ್ಕ ಎದುರಿಗಿಟ್ಟು ಮಾತಾಡಿದ್ದಕ್ಕೆ ಎಕರೆ 13 ಲಕ್ಷಕ್ಕೆ ನಿಂತಿತು. ಅಡಿಗೆ 30 ರೂಪಾಯಿ. ಇನ್ನೂ ಕೇಳಬಹುದಿತ್ತು ಅಂತ ಕೆಲವರು ಅಂತಾರೆ, ಇರಬಹುದು.

ಕೊಳ್ಳುವವರು ಪತ್ರದಲ್ಲಿ ಸರ್ಕಾರಿ ದರ ಮಾತ್ರ ತೋರಿಸಿ ಉಳಿದದ್ದು ನಗದು ಕೊಡ್ತೀವಿ ಅಂದರು. ಒಪ್ಪಲಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳುವ ಹಾಗಿಲ್ಲ, ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನಮಗೆ ತೆರಿಗೆ ಮುಚ್ಚಿಡುವ ಅಗತ್ಯವೂ ಇರಲಿಲ್ಲ. ಹಳ್ಳಿ ಕಡೆಯ ಸಾಗುವಳಿ ಹೊಲ ಮಾರಿದ ಲಾಭಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ಪೇಟೆಗೆ ಎಷ್ಟು ದೂರ ಅನ್ನೋದು ಮುಖ್ಯ. ಹತ್ತು ಸಾವಿರದಿಂದ ಒಂದು ಲಕ್ಷದ ಒಳಗೆ ಜನಸಂಖ್ಯೆ ಇರುವ ಹಿರಿಯೂರಿನಂಥ ಊರಾದರೆ ಅದರ ಗಡಿಯಿಂದ 2 ಕಿಲೋಮೀಟರ್ ಆಚೆ ಇರಬೇಕು. ಲಕ್ಷ ದಾಟಿದ ಚಿತ್ರದುರ್ಗದಂಥ ಊರಾದರೆ 6, ಹತ್ತು ಲಕ್ಷ ದಾಟಿದ್ದರೆ 8 ಕಿಲೋಮೀಟರ್. ರಸ್ತೆ ದೂರ ಅಲ್ಲ, ನೇರ ದೂರ. ನಮ್ಮದು ಏಳು ಕಿಲೋಮೀಟರ್ ಆಚೆ. ಸೈಟಿಗೆ, ಮನೆಗೆ ಈ ವಿನಾಯಿತಿ ಇಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇಕಡಾ 12.5, 2024ರ ಜುಲೈ 23ರಿಂದ. ಅದಕ್ಕೂ ಮುಂಚೆ ಕೊಂಡವರಿಗೆ ಹಳೇ ಲೆಕ್ಕದ ಆಯ್ಕೆಯೂ ಇದೆ, ಆಡಿಟರನ್ನು ಕೇಳಿದರೆ ಹೇಳ್ತಾರೆ.

ಪಿತ್ರಾರ್ಜಿತ ಹೊಲ ಆದ್ದರಿಂದ ಮಗಳೂ ಬಂದು ಸಹಿ ಹಾಕಿದಳು. ಅವಳ ಪಾಲು ಎಷ್ಟು ಅಂತ ಬೇರೆ ಕಾಗದದಲ್ಲಿ ಬರೆದಿಟ್ಟಿದ್ದೇವೆ.

13 ಲಕ್ಷದಲ್ಲಿ ಮೊದಲ ದಿನವೇ 2,40,000 ಕೈಸಾಲ ತೀರಿಸಿ ಪ್ರೋನೋಟು ವಾಪಸು ತಂದೆ. 9 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಇಟ್ಟೆವು. ನಾವು ಇಟ್ಟಾಗ ಬಡ್ಡಿ 7.4, ಐದು ವರ್ಷ ಅದೇ ಇರುತ್ತೆ. ತಿಂಗಳಿಗೆ 5,550 ಬರ್ತಾ ಇದೆ. ಉಳಿದ 1,60,000 ಕೃಷಿ ಹೊಂಡಕ್ಕೆ ಅಂತ ಬ್ಯಾಂಕಿನಲ್ಲಿದೆ. ವರ್ಷಕ್ಕೆ ಬಡ್ಡಿ ಬರೋದು 66,600, ಬಡ್ಡಿ ಕಟ್ಟೋದು ನಿಂತದ್ದು 86,400. ಒಟ್ಟು 1,53,000. ಅದೇ ಹೊಲ 5,000 ಕೊಡ್ತಿತ್ತು. ಆ ಮನೆ ಕೊಂಡಿದ್ದರೆ ವರ್ಷಕ್ಕೆ 64,600 ನಾವೇ ಹಾಕಬೇಕಿತ್ತು, ಕೈಸಾಲವೂ ಹಾಗೇ ಇರುತ್ತಿತ್ತು.

ಇದರಲ್ಲಿ ಒಂದು ಕೊರೆ ಇದೆ, ಮುಚ್ಚಿಡಲ್ಲ. ಅಂಚೆ ಕಚೇರಿಯ 9 ಲಕ್ಷ ಹತ್ತು ವರ್ಷ ಬಿಟ್ಟರೂ 9 ಲಕ್ಷವೇ. ಬಡ್ಡಿ ತಿಂದುಬಿಡ್ತೀವಿ. ಎತ್ತಿನ ಲೆಕ್ಕದಲ್ಲಿ ಅದು ಸವೆಯುತ್ತಾ ಹೋಗುತ್ತೆ. ಮನೆ, ಸೈಟು ಹಾಗಲ್ಲ, ಏರಬಹುದು. ಮಗ ವಾದ ಮಾಡೋದೇ ಅಲ್ಲಿ. 'ಆ ಮನೆ ಹತ್ತು ವರ್ಷಕ್ಕೆ 60 ಲಕ್ಷ ಆಗುತ್ತೆ ನೋಡ್ತಿರು' ಅಂತಾನೆ. ಅವನ ಅಂಕಿಯನ್ನೂ ಹಾಕಿ ನೋಡಿದೆವು. 35,50,000 ಹತ್ತು ವರ್ಷದಲ್ಲಿ 60 ಲಕ್ಷ ಆಗಬೇಕಾದರೆ ವರ್ಷಕ್ಕೆ ಸುಮಾರು 5.4 ಏರಬೇಕು. ಬಾಡಿಗೆಯ ಮೂರೂವರೆ ಸೇರಿದರೆ ಒಂಬತ್ತರ ಹತ್ತಿರ. ಹಾಗಾದರೆ ಅವನು ಗೆದ್ದ, ಮಾರುವಾಗಿನ ತೆರಿಗೆ ಕಳೆದರೂ. 45 ಲಕ್ಷಕ್ಕೆ ನಿಂತರೆ ಏರಿಕೆ 2.4, ಬಾಡಿಗೆ ಸೇರಿ ಆರು, ಬ್ಯಾಂಕಿಗೆ ಸಮ. ಅದಕ್ಕಿಂತ ಕೆಳಗೆ ಉಳಿದರೆ ಸೋಲು. ಇದು ಸಾಲ ಇಲ್ಲದೆ ಕೊಂಡವರಿಗೆ. ನಮ್ಮ ಹಾಗೆ ಅರ್ಧಕ್ಕರ್ಧ ಸಾಲದಲ್ಲಿ ಕೊಂಡವರು ಅಲ್ಲಿಯ ತನಕ ತಿಂಗಳಿಗೆ 5,400 ತುಂಬಿಕೊಂಡು ಬದುಕಿರಬೇಕು.

ಆ ಮನೆಯನ್ನು ಬೇರೆಯವರು 31 ಲಕ್ಷಕ್ಕೆ ತಗೊಂಡರಂತೆ. ಮಗ ಬುಕ್ಕಿನ ಕೊನೇ ಹಾಳೆಯಲ್ಲಿ ತಾರೀಕು, ಮನೆ ಕ್ರಯ, ಈಗಿನ ಬಾಡಿಗೆ, ಒಂದು ಜೋಡಿ ಎತ್ತಿನ ರೇಟು ನಾಲ್ಕನ್ನೂ ಬರೆದಿಟ್ಟಿದ್ದಾನೆ. 2030ರಲ್ಲಿ ಅಂಚೆ ಕಚೇರಿಯ ಅವಧಿ ಮುಗಿದಾಗ ತೆಗೆದು ನೋಡ್ತೀವಿ. ಕೃಷಿ ಹೊಂಡಕ್ಕೆ ಗುರುತು ಹಾಕಿದ್ದೇವೆ, ಉಳಿದಿರುವ ರಸ್ತೆ ಬದಿಯ ಎಕರೆಯ ತಗ್ಗಿನ ಮೂಲೆಯಲ್ಲಿ.